ದೊಡ್ಡಪ್ಪನ ವೈರಸ್ ಬೇಟೆ

ನಮ್ಮ ದೊಡ್ಡಪ್ಪನನ್ನು ಗುರುತಿಸಲು ನಿಮಗೆ ಕಣ್ಣೇ ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು! ಶೀಳನೆರೆ ಕಡೆಯ ಒಂದು ಮಿಡ್ಲ್ ಸ್ಕೂಲಿಗೆ ಅವರು ಹೆಡ್ಮಾಸ್ಟರು. ನಾನು ಅಲ್ಲಿಗೇ ಹೊಸದಾಗಿ ಸೇರಿದ ಗಣಿತದ ಮೇಡಮ್ಮು. ತೊಂಬತ್ತರ ದಶಕದ ಒಂದು ಮಳೆಗಾಲ, ಊರಿಗೆ ಕಾಮಾಲೆ ಬಂತು. ನಮ್ಮ ಕೆಲವು ಮಕ್ಕಳ ಕಣ್ಣು ಅರಿಶಿನವಾದವು. ಆರನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಮಂಡ್ಯದ ಆಸ್ಪತ್ರೆಗೇ ಸೇರಿಸಬೇಕಾಯಿತು. ದೊಡ್ಡಪ್ಪ ಟೊಂಕ ಕಟ್ಟಿ ನಿಂತರು.

ಮೊದಲು ಫಿನಾಯಿಲ್. ನೆಲಕ್ಕೆ, ಬೆಂಚಿಗೆ, ಕೊನೆಗೆ ಸ್ಕೂಲಿನ ಗಂಟೆಗೂ! ಗಂಟೆಗೆ ಯಾವ ಕಾಯಿಲೆ? ಕೇಳುವವರ್ಯಾರು? ಸಂಜೆ ನಾವಿಬ್ಬರೂ ಕೆ.ಆರ್. ಪೇಟೆ ಬಸ್ಸು ಹತ್ತಿದರೆ ಕಂಡಕ್ಟರು ಮೂಗು ಮುಚ್ಚಿಕೊಂಡು, "ಆಸ್ಪತ್ರೆ ಸ್ಟಾಪಾ ಸಾ?" ಎನ್ನುತ್ತಿದ್ದ.

ಆಮೇಲೆ ಬೇವಿನಸೊಪ್ಪಿನ ಹೊಗೆ. ಸೂರಿನಲ್ಲಿದ್ದ ಹೆಜ್ಜೇನು ಎದ್ದುಬಿಟ್ಟವು. ಮಕ್ಕಳು, ಮೇಷ್ಟ್ರುಗಳು, ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು, ಎಲ್ಲರೂ ಕಬ್ಬಿನ ಗದ್ದೆಗೆ! ಅಲ್ಲೇ ಕೂತು ದೊಡ್ಡಪ್ಪ ಕೇಳಿದರು: "ಅಲ್ಲಾ ಕಣವ್ವ, ಜೇನೇ ಎದ್ದೋಯ್ತು ಅಂದ್ಮೇಲೆ ವೈರಸ್ಸೂ ಎದ್ದೋಗಿರ್ಬೇಕಲ್ವಾ?"

ಇನ್‌ಸ್ಪೆಕ್ಟರು ಜೇನು ಕಚ್ಚಿ ಬಾತ ತುಟಿಯಲ್ಲೇ ಏನೋ ಅಂದರು. ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು.

ಆದರೆ ಆ ಅನುಮಾನ ದೊಡ್ಡಪ್ಪನನ್ನು ಬಿಡಲಿಲ್ಲ. ನನ್ನನ್ನೂ ಎಳೆದುಕೊಂಡು ಪೇಟೆಯ ಡಾಕ್ಟರ ಹತ್ತಿರ ಹೋದರು.

"ಸಾರ್, ವೈರಸ್ಸು ಸತ್ತದ್ದು ನಂಗೆ ಗೊತ್ತಾಗೋದು ಎಂಗೆ?"

"ಕಣ್ಣಿಗೆ ಕಂಡ್ರೆ ತಾನೇ ಮೇಷ್ಟ್ರೇ? ಈ ಕಾಮಾಲೆ ಬರೋದು ನೀರಿಂದ, ಕೊಳಕು ಕೈಯಿಂದ. ಬರೀ ನೆಲ ಉಜ್ಜಿ ಏನು ಮಾಡ್ತೀರಿ? ತೊಟ್ಟಿ ತೊಳ್ಸಿ, ಅಳತೆಯಾಗಿ ಬ್ಲೀಚಿಂಗ್ ಪೌಡರ್ ಹಾಕ್ಸಿ. ಮಕ್ಕಳ ಕೈಗೆ ಸೋಪು ಕೊಡಿ."

"ಅಳತೆಗಿಂತ ಜಾಸ್ತಿ ಹಾಕುದ್ರೆ?"

"ವೈರಸ್ಸಿಗಿಂತ ಮೊದ್ಲು ನೀವು ಹೋಗ್ತೀರಿ!"

ನೀರಿಗೆ ಅಳತೆಯಂತೆಯೇ ಹಾಕಿಸಿದರು. ಆದರೆ ಕುತೂಹಲ ಸುಮ್ಮನಿರುತ್ತದೆಯೇ? ಕಕ್ಕಸು ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ಎರಡರ ಶಕ್ತಿಯೂ ಕೂಡುತ್ತದೇನೋ ಎಂದು, ಮಕ್ಕಳಿಲ್ಲದ ಭಾನುವಾರ ನೋಡಿ, ನನ್ನನ್ನು ದೂರ ನಿಲ್ಲಿಸಿ, ಕಕ್ಕಸಿನೊಳಗೆ ಬೆರೆಸಿಯೇಬಿಟ್ಟರು. ಹಳದಿ ಹೊಗೆ ಎದ್ದಿತು! ಪಂಚೆಯ ಚುಂಗನ್ನು ಮೂಗಿಗೊತ್ತಿಕೊಂಡು ಹೊರಗೋಡಿ ಬಂದು ಜಗಲಿಯ ಮೇಲೆ ಕುಸಿದರು.

"ಏನ್ ಮಾಡ್ಕಂಬುಟ್ರಿ ದೊಡ್ಡಪ್ಪಾ!" ನನಗೆ ಅಳುವೇ ಬಂತು.

"ಮಕ್ಳಿರೋವಾಗ ಯಾರಾದ್ರೂ ಬೆರ್ಸಿದ್ರೆ ಏನವ್ವ ಗತಿ?" ಕೆಮ್ಮಿನ ನಡುವೆಯೇ ಅಂದರು. ವಾರವಿಡೀ ಕೆಮ್ಮಿದರು. ಆಸಿಡ್ಡು ಸ್ಕೂಲಿನಿಂದಲೇ ಗಡೀಪಾರಾಯಿತು.

ಆಸ್ಪತ್ರೆ ಸೇರಿದ್ದ ಆ ಹುಡುಗಿ ಹುಷಾರಾಗಿ ಬಂದಳು. ಇನ್ನೇನೂ ಭಯವಿಲ್ಲವೆಂದೇ ಡಾಕ್ಟರು ಕಳಿಸಿದ್ದರು. ಆದರೆ ಅವಳು ಕೂತ ಬೆಂಚಿನಿಂದ ಉಳಿದವರು ಎದ್ದು ಹೋದರು. ನೀರಿನ ತೊಟ್ಟಿಯ ಹತ್ತಿರ ಹೋದರೆ, "ಲೇ, ಲೋಟ ಮುಟ್ಬ್ಯಾಡ ಕಣೇ!" ಎಂದು ಕೂಗಿದರು. ನಮ್ಮ ಭಯವನ್ನೇ ಅವರೂ ಕಲಿತಿದ್ದರಲ್ಲ! ಅವಳು ಗೋಡೆಗೆ ಮುಖ ಮಾಡಿ ನಿಂತಳು.

ದೊಡ್ಡಪ್ಪ ಎದ್ದು ಬಂದರು. ಇವಳ ಮೇಲೆ ಇನ್ನೇನು ಸುರಿಯುತ್ತಾರೋ ಎಂದು ನಾನೂ ಹಿಂದೆಯೇ ಓಡಿದೆ. ಅವರು ಲೋಟ ತುಂಬಿ ಅವಳ ಕೈಗಿಟ್ಟು, "ಕುಡಿ ಮಗ" ಎಂದರು. ಅವಳು ಹೆದರಿ ಮೇಲೆತ್ತಿ ಕುಡಿಯಹೋದಳು. "ಕಚ್ಕಂಡೇ ಕುಡಿಯವ್ವ." ಅವಳು ಅರ್ಧ ಕುಡಿದಳು. ಉಳಿದರ್ಧವನ್ನು ದೊಡ್ಡಪ್ಪ, ಅಷ್ಟೂ ಮಕ್ಕಳೆದುರು, ಅದೇ ಲೋಟಕ್ಕೆ ತುಟಿಯಿಟ್ಟು ಕುಡಿದು ಮುಗಿಸಿದರು.

ಆಮೇಲೆ ತರಗತಿಗೆ ಬಂದು ಅವಳ ಬೆಂಚಿನ ಹತ್ತಿರ ನಿಂತರು. "ವಸಿ ಜರುಗು ಮಗ. ಲೆಕ್ಕ ನಂಗೂ ಮರ್ತೋಗ್ಬುಟ್ಟದೆ, ಇವತ್ತು ಇಲ್ಲೇ ಕೂತು ಕಲಿತೀನಿ."

ಪಾಠ ಮಾಡಬೇಕಾದವಳು ನಾನು. ಚಾಕ್‌ಪೀಸು ಹಿಡಿದು ಹಲಗೆಯ ಕಡೆ ತಿರುಗಿದೆ. ಬಹಳ ಹೊತ್ತು ಈ ಕಡೆ ತಿರುಗಲು ಆಗಲಿಲ್ಲ.