ಬಾಯಿ ಮೂಸುವ ಗೆಳೆಯರು

ಆದೋನಿಯ ನಮ್ಮ ಓಣಿಯಲ್ಲಿ ಒಬ್ಬ ನಕ್ಕರೆ ಇನ್ನೊಬ್ಬ "ಯಾಕ ನಕ್ಕಾನ?" ಅಂತ ಅವನ ಹಿಂದೆ ಬೀಳುತ್ತಾನೆ, ಹಂಗಾಗಿ ನಗುವ ಸಂಗತಿಗೆ ಇಲ್ಲಿ ಎಂದೂ ಬರ ಇಲ್ಲ. ನಾನು ಐದನೇ ಕ್ಲಾಸಿನಲ್ಲಿ ಎಷ್ಟು ವರ್ಷ ಕೂತೆ ಅಂದರೆ, ಕೊನೆಗೆ ಮಾಸ್ತರರಿಗೇ ಬೇಜಾರಾಗಿ ಬೇರೆ ಊರಿಗೆ ಹೋದರು. ಸಾಲಿ ಬಿಟ್ಟ ಮೇಲೆ ಸೋದರಮಾವನ ಹತ್ತಿ ಬಂಡಿ ಹತ್ತಿ ಊರೂರು ತಿರುಗೋದೇ ನನ್ನ ಕೆಲಸ. ಇದನ್ನೆಲ್ಲ ಕಣ್ಣಾರೆ ಕಂಡೀನಿ. ನಂಬದಿದ್ದರೆ ಬಿಡ್ರಿ, ನಮ್ಮ ಓಣ್ಯಾಗ ಯಾರೂ ಯಾರನ್ನೂ ನಂಬೂದಿಲ್ಲ.

ಸಾಕ್ಷಿ

ಸರ್ಕಾರ ನಮ್ಮ ಕಡೆ ಸೇಂದಿ ಅಂಗಡಿ ಮುಚ್ಚಿಸಿತ್ತು. ಆದರೆ ತುಂಗಭದ್ರೆಯ ಆಚೆ ದಂಡೆಗೆ ಬೇರೆ ಸರ್ಕಾರ. ಅಲ್ಲಿ ಸೇಂದಿ ಮಡಕೆಗೆ ಮುಚ್ಚಳವೇ ಇರಲಿಲ್ಲ. ಹೊಳೆ ಕಡೆ ಹತ್ತಿ ತರಲು ಹೋದ ಮಾವ ಹತ್ತಿ ಮೂಟೆಗಳ ನಡುವೆ ತಾನೂ ಒಂದು ಮೂಟೆಯಾಗಿ ಬರುತ್ತಿದ್ದ. ಎತ್ತುಗಳಿಗೆ ಮನೆ ದಾರಿ ಗೊತ್ತಿತ್ತು, ಪುಣ್ಯಕ್ಕ.

ಒಂದಿನ ಅತ್ತಿ ಟ್ರಂಕು ಎತ್ತಿಕೊಂಡಳು. "ಕುಡುಕರ ಮನ್ಯಾಗ ನಾ ಇರೂದಿಲ್ಲ" ಅಂದಾಕಿ ರೈಲು ಹತ್ತಿ ಕೋಸಗಿಯ ತವರಿಗೆ ಹೋದಳು. ಮಾವ ಹಿಂದೆಯೇ ಹೋಗಿ ವಿಭೂತಿ ಮುಟ್ಟಿ ಆಣೆ ಮಾಡಿದ. ಆಕೆ ನಂಬಲಿಲ್ಲ.

"ನಿನ್ನ ಜೊತಿ ಕುಡಿಯೋ ಆ ಇಬ್ಬರು ಬಂದು ಸಾಕ್ಷಿ ಹೇಳಲಿ. ಹೆಂಡ್ತಿಗೆ ಸುಳ್ಳು ಹೇಳಬೌದು, ಜೊತಿಗೆ ಕುಡದಾಂವಗ ಹೇಳಾಕ ಆಗೂದಿಲ್ಲ. ಯುಗಾದಿ ತನಕ ನೋಡ್ತೀನಿ. ಆಮ್ಯಾಲ ಈ ಹೊಸ್ತಿಲಾ ತುಳೀಬ್ಯಾಡ."

ಆ ಇಬ್ಬರು ಅಂದರೆ ನಮ್ಮ ಓಣಿಯ ದರ್ಜಿ ಮತ್ತು ಗರಡಿಮನೆಯ ಪೈಲ್ವಾನ. ಕುಡುಕ ಬಂದು ಸಾಕ್ಷಿ ಹೇಳಿದರೆ ಅತ್ತಿ ಕೇಳುವಾಕಿ ಅಲ್ಲ. ಅಂದಮೇಲೆ ಮಾವನ ಸಂಸಾರ ಉಳಿಯಬೇಕಾದರೆ ಅವರಿಬ್ಬರೂ ಸೇಂದಿ ಬಿಡಬೇಕು. ದರ್ಜಿ ಹಣೆ ಬಡಿದುಕೊಂಡ: "ಅರೆ ಭಾಯಿ, ಹೆಂಡ್ತಿ ನಿಂದು, ಬಾಯಿ ಒಣಗೂದು ನಂದು!"

ಆದರೂ ಬಿಟ್ಟರು. ದಿನಾ ಸಂಜೆ ಬೇವಿನ ಕಟ್ಟೆಯ ಮೇಲೆ ಒಬ್ಬರ ಬಾಯಿ ಒಬ್ಬರು ಮೂಸಬೇಕು ಅಂತ ನೇಮ ಆಯಿತು. ಲವಂಗ ಅಗಿದು ಬರಬಾರದು. ವಾಸನೆ ಮುಚ್ಚಲು ಲವಂಗ ಅಗಿಯುವುದು ಕುಡುಕರ ವಿದ್ಯೆ. ಅದರಲ್ಲಿ ಮೂವರೂ ಪಂಡಿತರು.

ಮೊದಲ ದಿನ ಇಬ್ಬರ ಬಾಯಿ ಮೂಸಿದ ಪೈಲ್ವಾನ ಮುಖ ಕಿವುಚಿಕೊಂಡು ಹೇಳಿದ: "ಸೇಂದಿ ವಾಸನಿ ಇಲ್ಲ. ಇದ್ದಿದ್ರ ಚಲೋ ಇತ್ತು."

ಹುಳಿ ಅಂಬಲಿ

ಬಿಸಿಲು ಏರುತ್ತಿದ್ದ ದಿನ. ಮಾವನ ಬಾಯಿ ಮೂಸಿದ ದರ್ಜಿ ಎದ್ದು ಕುಣಿದ. "ಸಿಕ್ಕ! ಹುಳಿ ವಾಸನಿ! ಕಸಮ್, ಆಣೆಗೂ ಸೇಂದೀನ!"

"ಲೇ, ಜ್ವಾಳದ ಅಂಬಲಿ ಕುಡದೀನೋ!"

"ಅಂಬಲಿ ಹಿಂಗ ನಾರತೈತೇನು?"

"ಆಕಿ ಮಾಡಿದ್ರ ನಾರೂದಿಲ್ಲ. ಇದನ್ನ ನಾ ಮಾಡೀನಿ."

ಪೈಲ್ವಾನ ನ್ಯಾಯ ಹೇಳಲು ಕೂತ. "ಗಡಿಗಿ ತರ್ರಿ. ಮೂವರೂ ಕುಡಿಯೋಣು, ಆಮ್ಯಾಲ ಮೂಸೋಣು." ನಾನು ಗಡಿಗೆ ಹೊತ್ತು ತಂದೆ. ಕುಡಿದರು, ಮೂಸಿದರು. ಮೂರು ಬಾಯಿಗೂ ಒಂದೇ ನಾತ! ಅಷ್ಟರಲ್ಲಿ ಕಿರಾಣಿ ಅಂಗಡಿಯ ಮುದುಕ ಆ ದಾರಿಗೆ ಬಂದ. ಗಡಿಗೆ ನೋಡಿದ, ಗಾಳಿ ಮೂಸಿದ, "ಮತ್ತ ಸುರು ಹಚ್ಚ್ಯಾರ" ಅಂತ ಓಣಿಗೆಲ್ಲ ಸಾರುತ್ತ ಹೋದ.

ಅಂದಿನಿಂದ ಲವಂಗದ ಜೊತೆ ಅಂಬಲಿಯೂ ಬಂದ್. ಮಾವನಿಗೆ ಬೇರೆ ಅಡಿಗೆ ಬಾರದು. ಹೀಗಾಗಿ ಒಂದು ಹೊತ್ತು ದರ್ಜಿಯ ಮನೆಯಲ್ಲಿ ಊಟ, ಇನ್ನೊಂದು ಹೊತ್ತು ಪೈಲ್ವಾನನ ಮನೆಯಲ್ಲಿ. ಮಾವನ ಕಣ್ಣಲ್ಲಿ ನೀರು ಬಂತು. "ನಿಮ್ಮಂಥ ಗೆಳ್ಯಾರು ಯಾರಿಗದಾರ?"

"ಉಣ್ಣಾಕ ಕರದಿಲ್ಲೋ" ಅಂದ ದರ್ಜಿ, "ಕಾಯಾಕ ಕರದೀವಿ."

ಪಂಚೆ ಗಂಟು

ನಾಗಲದಿನ್ನೆಯಿಂದ ಹತ್ತಿ ತರಬೇಕಾಗಿ ಬಂತು. ನಾಗಲದಿನ್ನೆ ಅಂದರೆ ಹೊಳೆ ದಂಡೆ. ಆಚೆ ದಂಡೆ ಅಂದರೆ ಸೇಂದಿ. "ಒಬ್ಬಾಂವನ್ನ ಬಿಡೂದಿಲ್ಲ" ಅಂತ ದರ್ಜಿ ಕತ್ತರಿ ಬಿಟ್ಟು ಬಂಡಿ ಹತ್ತಿದ. "ದರ್ಜಿ ಮ್ಯಾಲ ನನಗ ಅನುಮಾನ" ಅಂತ ಪೈಲ್ವಾನನೂ ಹತ್ತಿದ.

ಬಂಡಿ ತುಂಬುವ ತನಕ ಹೊಳೆ ದಂಡೆಯ ಮರದ ಕೆಳಗೆ ಕೂತರು. ಆಚೆಯ ಗುಡಿಸಲು, ಸಾಲಾಗಿಟ್ಟ ಮಡಕೆ, ಎಲ್ಲ ಕಾಣುತ್ತಿತ್ತು. ಮಾವ ಮಡಕೆ ಎಣಿಸಲು ಹತ್ತಿದ. "ಹೊಸಾ ಎತ್ತನ್ನ ಹಳೇ ಎತ್ತಿನ ಜೋಡಿ ಕಟ್ಟಿ ಪಳಗಸ್ತಾರ. ನನ್ನನ್ನೂ ಕಟ್ಟರ್ಯೋ" ಅಂದ. ಮೂವರ ಪಂಚೆಯ ಸೆರಗು ಕೂಡಿಸಿ ದರ್ಜಿ ಗಂಟು ಹಾಕಿದ. ದರ್ಜಿ ಹಾಕಿದ ಗಂಟು, ಬಿಚ್ಚುವಂಥದ್ದಲ್ಲ.

ಹರಿಗೋಲಿನವ ಬಂದು, "ಏಮನ್ನಾ, ಎಕ್ಕುತಾರಾ ಲೇದಾ?" ಅಂತ ಕೇಳಿದ, ಹತ್ತತೀರೋ ಇಲ್ಲೋ ಅಂತ. ಮಾವ ಹರಿಗೋಲು ನೋಡಿದ. ದರ್ಜಿ ನೋಡಿದ. ಪೈಲ್ವಾನನೂ ನೋಡಿದ. ಮೂರೂ ಎತ್ತು ಒಂದೇ ಕಡೆ ಎಳೆದರೆ ತಡೆಯೋರು ಯಾರು? ಗಂಟು ಹಾಕಿಕೊಂಡೇ ಮೂವರೂ ಎದ್ದು ನಿಂತರು!

ನಾನು ಹೋಗಿ ಎತ್ತಿನ ಬಾಲ ತಿರುವಿದೆ. ಎತ್ತು ಹಗ್ಗ ಕಿತ್ತುಕೊಂಡು ಓಡಿತು. ಮಾವ ಹುಟ್ಟಾ ಬಂಡಿ ಹೊಡೆಯುವವ; ಎತ್ತು ಓಡಿದರೆ ಅವನ ಕಾಲು ತಾವೇ ಓಡುತ್ತವೆ. ಗಂಟು ಬಿಚ್ಚಲಿಲ್ಲ, ಪಂಚೆಗಳೇ ಬಿಚ್ಚಿದವು. ಎತ್ತಿನ ಹಿಂದೆ ಮಾವ, ಮಾವನ ಹಿಂದೆ ಮೂರು ಪಂಚೆ, ಪಂಚೆಗಳ ಹಿಂದೆ ಲಂಗೋಟಿಯಲ್ಲಿ ದರ್ಜಿ, ಪೈಲ್ವಾನ.

ಎತ್ತು ಸಿಗುವ ಹೊತ್ತಿಗೆ ಹರಿಗೋಲು ಹೋಗಿತ್ತು. ಬಟ್ಟೆ ಒಗೆಯುವ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು: "ಅಯ್ಯ, ಹಾಡಹಗಲ ಇಷ್ಟು ಕುಡೀತಾರೇನ್ರೇ!"

ಕೋಸಗಿಯ ಹೊಸ್ತಿಲು

ಯುಗಾದಿಯ ಹಿಂದಿನ ದಿನ ಮಾವ, ದರ್ಜಿ, ಪೈಲ್ವಾನ, ನಾನು ಕೋಸಗಿಗೆ ಹೋದೆವು. ರೈಲಿನಲ್ಲಿ ಮಾವ ಅಂಗೈಗೆ ಊದಿ ಊದಿ ತನ್ನ ಬಾಯಿ ತಾನೇ ಮೂಸಿಕೊಳ್ಳುತ್ತಿದ್ದ.

ಹೊಸ್ತಿಲ ಮೇಲೆ ಅತ್ತಿಯ ಅಪ್ಪ ಅಡ್ಡ ನಿಂತಿದ್ದ. ಅಳಿಯನನ್ನು ಕುಡುಕ ಅಂತ ಇಡೀ ಕೋಸಗಿಗೆ ಡಂಗುರ ಸಾರಿದವನೇ ಅವನು. ಅತ್ತಿ ಅವನ ಬೆನ್ನ ಹಿಂದೆ. ಆಕೆಯ ಕಣ್ಣಲ್ಲಿ ಅನುಮಾನ ಇನ್ನೂ ಹಂಗೇ ಇತ್ತು.

"ಕುಡದಿಲ್ಲಬೇ" ಅಂದ ಪೈಲ್ವಾನ. "ದಿನಾ ಮೂಸೀವಿ."

"ಕುಡುಕಗ ಕುಡುಕ ಸಾಕ್ಷಿ!" ಮುದುಕ ಮುಂದೆ ಬಂದು ಮಾವನ ಮುಖಕ್ಕೆ ಮುಖ ಹಚ್ಚಿ ಗದರಿದ. "ಇಂಥಾವ್ರು ನಮ್ಮ ಮನಿತನಕ್ಕ ಕಳಂಕ! ನಡೀರಿ ಹೊರಗ!"

ಮಾವ ಹಿಂದೆ ಸರಿಯಲಿಲ್ಲ. ಅವನ ಮೂಗು ಅರಳಿತು. ಅಭ್ಯಾಸ ನೋಡ್ರಿ, ಪಕ್ಕದ ದರ್ಜಿಯ ಮೂಗೂ ಅರಳಿತು. ಪೈಲ್ವಾನ ಬಗ್ಗಿ ಮುದುಕನ ಬಾಯಿಗೇ ಮೂಗು ಹಚ್ಚಿ ದೀರ್ಘವಾಗಿ ಎಳೆದ. ಮೂವರೂ ಮುಖ ಮುಖ ನೋಡಿಕೊಂಡರು.

"ಲವಂಗ" ಅಂದ ದರ್ಜಿ.

"ಅದರ ಕೆಳಗ?" ಅಂದ ಪೈಲ್ವಾನ.

ಮಾವ ಮೆತ್ತಗೆ ಅಂದ: "ಹೊಳಿ ಆಚೀದು. ಇವತ್ತಿನ ಮಡಕೀನ."

ಮುದುಕ ತಟ್ಟನೆ ಬಾಯಿ ಮುಚ್ಚಿಕೊಂಡ. ಅತ್ತಿ ಮುಂದೆ ಬಂದಳು. "ಅಪ್ಪಾ, ಬಾಯಿ ತಗಿ."

ಮುದುಕ ತಲೆ ಅಲ್ಲಾಡಿಸಿದ. "ತಗೀ ಅಂದೆನಪ್ಪಾ" ಅಂದಳು ಅತ್ತಿ. ತೆಗೆಯಬೇಕಾಯಿತು. ಆಕೆ ಮೂಸಿದಳು. ಮಾವನ ಕಡೆ ತಿರುಗಿ ಅವನ ಬಾಯಿಯನ್ನೂ ಮೂಸಿದಳು, ಎರಡು ಸಲ.

ಸೀದಾ ಒಳಗೆ ಹೋದಳು. ಮಾವನ ಮುಖ ಬಿಳುಪೇರಿತು. ಆಕೆ ಟ್ರಂಕು ತಂದು ಅವನ ತಲೆ ಮೇಲೆ ಹೊರಿಸಿದಳು.

"ನಡಿ ಆದೋನಿಗೆ. ಕುಡುಕರ ಮನ್ಯಾಗ ನಾ ಇರೂದಿಲ್ಲ."