‘ಸವೆದಿದೆ’ ಎಂದವರಿಗೆ ಒಂದು ಸಲಾಮು

ಮೂಳೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ರೋಗಿಯತ್ತ ತಲೆ ಎತ್ತದೆಯೇ ರೋಗ ಹೇಳಬಲ್ಲ ತಮ್ಮ ಅಪಾರ ಪಾಂಡಿತ್ಯಕ್ಕೆ ಮೊದಲು ಕೈಮುಗಿಯುತ್ತೇನೆ.

ಲಾಂಡ್ರಿಯಲ್ಲಿ ನಿಂತೇ ಇಸ್ತ್ರಿ ಹಾಕಿ ನಮ್ಮನ್ನು ಸಾಕಿದ ನನ್ನ ಅಮ್ಮ, ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಕಳೆದ ವರ್ಷ ತಮ್ಮೆದುರು ಕೂತಾಗ, ತಾವು ‘ವಯಸ್ಸಾಯ್ತಲ್ಲಮ್ಮ, ಮೂಳೆ ಸವೆದಿದೆ’ ಎಂದು ಅಪ್ಪಣೆ ಕೊಡಿಸಿ, ಪಟ್ಟಿ ಹಾಕಿಸಿ ಕಳಿಸಿದಿರಿ. ಏಕೆ ಹೀಗಾಯಿತು, ಮುಂದೆ ಇನ್ನೆಲ್ಲಿ ಮುರಿದೀತು ಎಂಬ ಕ್ಷುಲ್ಲಕ ಪ್ರಶ್ನೆಗಳು ತಮ್ಮ ಘನತೆಗೆ ತಕ್ಕವಲ್ಲ ಬಿಡಿ.

ನಮ್ಮಂಥವರ ಮನೆಯಲ್ಲಿ ಸವೆಯುವುದೆಂದರೆ ಚಪ್ಪಲಿ, ಪೊರಕೆ. ಬಳಸಿದಷ್ಟೂ ಸವೆಯುತ್ತವೆ, ಎತ್ತಿಟ್ಟರೆ ಉಳಿಯುತ್ತವೆ. ಹಾಗಾಗಿ ತಮ್ಮ ಮಾತನ್ನು ತಲೆಯ ಮೇಲೆ ಹೊತ್ತು ತಂದ ನನ್ನ ತಂಗಿ, ಅಮ್ಮನ ಕೈಯಿಂದ ಪೊರಕೆ ಕಿತ್ತುಕೊಂಡಳು. ತಂಗಿಯ ಗಂಡ ಕಿಟಕಿ ಪಕ್ಕ ಕುರ್ಚಿ ಹಾಕಿ, ‘ಕೂತ್ಕೊಳ್ಳಿ ಅತ್ತೆ, ಇರೋ ಮೂಳೆನಾದ್ರೂ ಉಳೀಲಿ’ ಎಂದ. ‘ನಾನೇನು ಷೋಕೇಸ್ ಬೊಂಬೆನಾಪ್ಪ?’ ಎಂದು ಗೊಣಗುತ್ತಲೇ ಅಮ್ಮ ಕೂತಳು. ಕೂತೂ ಕೂತೂ ಕಾಲಿನ ಕಸುವು ಹೋಯಿತು. ಕಳೆದ ವಾರ ಆ ಕುರ್ಚಿಯಿಂದ ಏಳುವಾಗಲೇ ಬಿದ್ದು ಸೊಂಟ ಮುರಿದುಕೊಂಡಳು.

ಆಪರೇಷನ್ ಆದ ಮೇಲೆ ಫಿಸಿಯೋಥೆರಪಿ ಮೇಡಂ ಹೇಳಿದರು: ಮೂಳೆ ಚಪ್ಪಲಿಯಂತೆ ಸವೆಯುವ ವಸ್ತುವೇ ಅಲ್ಲವಂತೆ. ಹಳೆಯದನ್ನು ಕೆಡವುವ ಜೀವಕೋಶಗಳ ಒಂದು ಗುಂಪು, ಹೊಸದನ್ನು ಕಟ್ಟುವ ಇನ್ನೊಂದು ಗುಂಪು ಅದರೊಳಗೆ ಸದಾ ಕೆಲಸದಲ್ಲಿರುತ್ತವಂತೆ. ವಯಸ್ಸಾದಂತೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ, ಕೆಡವುವವರ ಕೈ ಮೇಲಾಗುತ್ತದಂತೆ. ಮೈಭಾರ ಹೊತ್ತು ನಡೆದಾಡಿದರೆ ಕಟ್ಟುವವರಿಗೆ ಹುರುಪಂತೆ. ಕೆಡವುವವರನ್ನು ತಡೆಯಲು ಔಷಧಿ ಇದೆಯಂತೆ, ಮೂಳೆಯ ಸಾಂದ್ರತೆ ಅಳೆಯಲು ಯಂತ್ರವೂ ಇದೆಯಂತೆ. ಅದು ತಮ್ಮ ಪಕ್ಕದ ಕೋಣೆಯಲ್ಲೇ ಹೊದಿಕೆ ಹೊದ್ದು ವಿಶ್ರಾಂತಿ ಪಡೆಯುತ್ತಿದೆಯಂತೆ.

ಮಾನ್ಯರೇ, ಇದೆಲ್ಲ ತಮಗೆ ಗೊತ್ತಿಲ್ಲದಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿತ್ತು. ದುಡಿದು ಮುದಿಯಾದವಳಿಗೆ ಒಂದು ಪದ ಬಿಸಾಕಿದರೆ ಸಾಕು ಅಂದುಕೊಂಡಿರಿ. ನಿನ್ನೆ ವಾರ್ಡಿಗೆ ಬಂದಾಗಲೂ ಅದೇ ಪದ: ‘ಸವೆದಿದೆ, ಮನೇಲಿ ಆರಾಮಾಗಿ ಕೂತಿರ್ಲಿ.’ ತಂಗಿಯ ಗಂಡ ಆಗಲೇ ಕುರ್ಚಿ ಒರೆಸಿಟ್ಟಿದ್ದಾನೆ. ಇನ್ನು ಮುರಿಯಲು ಬಾಕಿ ಇರುವುದು ಸೊಂಟದ ಇನ್ನೊಂದು ಮಗ್ಗುಲು.

ಆದ್ದರಿಂದ, ಮುದುಕಿಯರು ಬಿದ್ದಾಗ ನೆಲವೇ ವಿನಯದಿಂದ ಹಿಂದೆ ಸರಿಯತಕ್ಕದ್ದೆಂದು ಸುತ್ತೋಲೆ ಹೊರಡಿಸಬೇಕಾಗಿ ವಿನಂತಿ. ಕೆಡವುವ ಗುಂಪಿಗೂ ತಮ್ಮಂತೆಯೇ ಮಧ್ಯಾಹ್ನದ ಮೇಲೆ ನಾಪತ್ತೆಯಾಗುವ ಸವಲತ್ತು ದಯಪಾಲಿಸಿ. ಅದಾಗದಿದ್ದರೆ ಯಂತ್ರದ ಹೊದಿಕೆ ತೆಗೆಯಿರಿ, ಅಮ್ಮನ ಮೂಳೆ ಅಳೆಯಿರಿ, ಔಷಧಿ ಬರೆಯಿರಿ, ‘ನಡೀಬೇಕಮ್ಮ’ ಎಂದು ತಮ್ಮ ಬಾಯಿಂದಲೇ ಹೇಳಿ. ನಮ್ಮ ಮನೆಯವರು ನನ್ನ ಮಾತಿಗೆ ಕಿವಿಗೊಡುವುದಿಲ್ಲ, ತಮ್ಮ ಬಿಳಿ ಕೋಟಿಗೆ ಕೊಡುತ್ತಾರೆ. ಅದೇ ನಮ್ಮ ಗ್ರಹಚಾರ.

ತಮ್ಮ ಮೇಲಿನ ವಿಶ್ವಾಸ ಕಳೆದುಕೊಂಡೂ ಪದ್ಧತಿಯಂತೆ ತಮ್ಮ ವಿಶ್ವಾಸಿ,
ಇಸ್ತ್ರಿಯವಳ ಹಿರಿಮಗಳು

ಮರೆತ ಮಾತು: ಇವತ್ತು ಬೆಳಿಗ್ಗೆ ಮೇಡಂ ಜೊತೆ ವಾಕರ್ ಹಿಡಿದು ಅಮ್ಮ ತಮ್ಮ ಕೊಠಡಿಯ ಬಾಗಿಲವರೆಗೂ ಬಂದಿದ್ದಳು. ತಾವಿನ್ನೂ ಬಂದಿರಲಿಲ್ಲ. ‘ಯಾರನ್ನ ಕೇಳಿ ಎದ್ರಿ ಅಜ್ಜಿ?’ ಎಂದು ನರ್ಸ್ ಗದರಿದಾಗ ಅಮ್ಮ ಹೇಳಿದ್ದು: ‘ನನ್ ಮೂಳೇನ ಕೇಳಿ ಎದ್ದೆ. ನಿಮ್ ಡಾಕ್ಟ್ರು ಅದನ್ನ ಒಂದ್ಸಲಾನೂ ಕೇಳ್ಲಿಲ್ಲ.’