ಐದು ನಿಮಿಷ ಬಾಯಿ ಮುಚ್ಚಿಕೊಳ್ಳುವ ಹೋಂವರ್ಕು

ನನಗೆ ಬಂದಿರುವ ಸಿಟ್ಟು ಇಂಥಿಂಥದ್ದಲ್ಲ. ಮಗಳು ಕೃತಿಕಾ ನಾಲ್ಕನೇ ಕ್ಲಾಸು. ಅವಳು ಎಲ್‌ಕೆಜಿಗೆ ಸೇರಿದಾಗಿನಿಂದ ಅವಳ ಹೋಂವರ್ಕೆಲ್ಲ ನಾನೇ ಮಾಡಿದ್ದೇನೆ. ಮಣ್ಣಿನ ಗಣಪತಿ, ಥರ್ಮಾಕೋಲಿನ ಸೌರಮಂಡಲ, ಎಂಟರ ಮಗ್ಗಿ, ಒಂದನ್ನೂ ಬಿಟ್ಟಿಲ್ಲ. ಎರಡನೇ ಕ್ಲಾಸಿನಲ್ಲಿ ನಮಗೆ ಎ ಪ್ಲಸ್ ಬಂತು. (ನಮಗೆ ಎಂದರೆ ನನಗೆ.) ಇಷ್ಟು ದುಡಿದವನಿಗೆ ಮೊನ್ನೆ ಪೋಷಕರ ಸಭೆಯಲ್ಲಿ ಎಂಥ ಸನ್ಮಾನ ಆಯಿತು ಗೊತ್ತೆ?

"ಗಂಗಾಧರ್ ಅವ್ರೇ," ಎಂದರು ಕ್ಲಾಸ್ ಟೀಚರ್ ಭಾನುಪ್ರಿಯಾ ಮಿಸ್, ಎಲ್ಲರೆದುರಿಗೆ. "ಪ್ರಶ್ನೆ ಕೇಳಿದ್ರೆ ನಿಮ್ಮ ಮಗಳು ಬಾಗಿಲ ಕಡೆ ನೋಡ್ತಾಳೆ, ಅಪ್ಪ ಬಂದು ಹೇಳ್ಲಿ ಅಂತ. ಹಿಂಗಾದ್ರೆ ಚಿಕ್ಕನಾಯಕನಹಳ್ಳಿ ಲೆಕ್ಕದ ಸ್ಪರ್ಧೆಗೆ ಹೆಂಗೆ ಕಳಿಸ್ಲಿ?"

ಕೃತಿಕಾಳ ಮುಖ ಸಣ್ಣದಾಯಿತು. ಆ ಸ್ಪರ್ಧೆಗೆಂದು ಹೊಸ ಪೆನ್ಸಿಲನ್ನು ವಾರದಿಂದ ಚೂಪು ಮಾಡಿ ಮಾಡಿ ಅರ್ಧಕ್ಕೆ ಇಳಿಸಿದ್ದಳು. ನನ್ನ ಮೈಯೆಲ್ಲ ಉರಿಯಿತು.

ಮಿಸ್ ಒಂದು ಪ್ರಾಯಶ್ಚಿತ್ತ ವಿಧಿಸಿದರು. ಅಪ್ಪ, ಮಗಳು ಕೂತು ಮನೆಯ ಯಾವುದಾದರೂ ಕೆಲಸ ಮಾಡಬೇಕು. ಅಪ್ಪ ಉತ್ತರ ಹೇಳಕೂಡದು, ಪ್ರಶ್ನೆ ಮಾತ್ರ ಕೇಳಬೇಕು. ಅದರ ಐದು ನಿಮಿಷದ ವಿಡಿಯೋ ಕ್ಲಾಸಿನ ಗ್ರೂಪಿಗೆ ಬರಬೇಕು. ಸ್ಪರ್ಧೆಯ ಮಾತು ಅದಾದ ಮೇಲೆ.

ನನ್ನ ಹೆಂಡತಿ ನಯನ ಈ ಉಪದೇಶವನ್ನು ಅಂದೇ ಅನುಷ್ಠಾನಕ್ಕೆ ತಂದಳು. ಬಚ್ಚಲಿನಿಂದ ಕೂಗಿದೆ:

"ಲೇ, ಟವಲ್ ಎಲ್ಲೇ?"

"ಎಲ್ಲಿರ್ಬೋದು ಅಂತ ನಿಮಗನ್ಸುತ್ತೆ?"

ಒದ್ದೆ ಮೈಯಲ್ಲಿ ನಡುಗುವವನನ್ನು ಕೇಳುವ ಪ್ರಶ್ನೆಯೇ ಇದು? ಮೈಮೇಲಿನ ನೀರು ಸಿಟ್ಟಿಗೇ ಆರಿಹೋಯಿತು.

ಇರಲಿ, ಇವರಿಗೆಲ್ಲ ತೋರಿಸುತ್ತೇನೆ ಎಂದು ನಾನು ಆರಿಸಿಕೊಂಡದ್ದು ಉಂಡೆ ಕೊಬ್ಬರಿಯ ಕೆಲಸ. ವರ್ಷದಿಂದ ನಮ್ಮ ಅಟ್ಟದಲ್ಲಿ ಕಾಯಿ ಒಣಗುತ್ತಿವೆ. ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ನೀರೆಲ್ಲ ಇಂಗಿ ಕೊಬ್ಬರಿಯಾಗಿದೆ, ಸುಲಿಯಬಹುದು. ಕುಳುಕುಳು ಎಂದರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಪಾಂಡಿತ್ಯವನ್ನು ಗ್ರೂಪಿನವರೂ ಕಣ್ತುಂಬ ನೋಡಲಿ ಎಂದುಕೊಂಡೆ.

ನಯನ ಮೊಬೈಲ್ ಹಿಡಿದಳು. ಕೃತಿಕಾ ಒಂದು ಕಾಯಿಯನ್ನು ಕಿವಿಯ ಹತ್ತಿರ ತಂದಳು.

"ಹಂಗಲ್ಲ ಕಣವ್ವಾ, ಎರಡೂ ಕೈಲಿ ಹಿಡಿ!"

"ರೀ, ಪ್ರಶ್ನೆ ಕೇಳ್ಬೇಕು ಕಣ್ರೀ," ಎಂದಳು ನಯನ.

"ಎರಡೂ ಕೈಲಿ ಯಾಕೆ ಹಿಡಿದಿಲ್ಲ?" ಎಂದು ಗದರಿದೆ. (ಪ್ರಶ್ನೆ ತಾನೇ?)

ಕೃತಿಕಾ ಅಲ್ಲಾಡಿಸಿದಳು. ಯೋಚಿಸಿದಳು. ಮತ್ತೆ ಅಲ್ಲಾಡಿಸಿದಳು. ನನಗೆ ತಡೆಯಲಾಗಲಿಲ್ಲ.

"ಒಂದ್ ಕಾಯಿಗೆ ಇಷ್ಟೊತ್ತಾ? ಅಟ್ಟ ಖಾಲಿ ಆಗೋದ್ರೊಳಗೆ ನಿನ್ ಮದುವೇನೇ ಆಗಿರುತ್ತೆ! ಬುಡು, ತಾ ಇಲ್ಲಿ! ಹಿಂಗೆ ಹಿಡೀಬೇಕು, ಹಿಂಗೆ ಅಲ್ಲಾಡಿಸ್ಬೇಕು. ನಮ್ಮಪ್ಪ ತಲೆಮೇಲೆ ಎರಡು ಬಿಟ್ಟು ಕಲಿಸ್ದ, ಕಲೀಲಿಲ್ವಾ ನಾನು?" ಎನ್ನುತ್ತಲೇ ಕಾಯಿ ಸುಲಿದು ಮಚ್ಚಿನಿಂದ ಒಂದೇಟು ಹಾಕಿದೆ.

ಫಚ್ಚೆಂದು ನೀರು ಮುಖಕ್ಕೆ ಹಾರಿತು. ಹಳೇ ನೀರು, ಅದರ ನಾತ ಬೇರೆ.

"ಆಫ್ ಮಾಡೇ ಅದನ್ನ!" ಎಂದು ಅರಚಿದೆ.

"ಇನ್ನೂ ಎರಡು ನಿಮಿಷ ಐತೆ ಕಣ್ರೀ."

ಕೃತಿಕಾ ನಗಲಿಲ್ಲ. ನಾನು ಮುಖ ಒರೆಸಿಕೊಳ್ಳುವ ತನಕ ಕಾದು ಕೇಳಿದಳು: "ಅಪ್ಪಾ, ಅಲ್ಲಾಡಿಸ್ವಾಗ ನೀನು ಏನ್ ಮಾಡ್ತಿದ್ದೆ?"

"ನಿಂಗೆ ಹೇಳ್ಕೊಡ್ತಿದ್ದೆ!"

"ಹೇಳ್ಕೊಡ್ತಾನೇ ಇದ್ರೆ ಕಾಯಿ ಸದ್ದು ಕೇಳ್ಸುತ್ತಾ?"

ಸಿಟ್ಟು ನೆತ್ತಿಗೇರಿತು. ಮಚ್ಚನ್ನು ನೆಲಕ್ಕೆ ಕುಕ್ಕಿದೆ.

"ಈಗ ಏನ್ ಮಾಡ್ಬೋದು?" ಎಂದು ಇನ್ನೊಂದು ಕಾಯಿ ಕೈಗಿಟ್ಟಳು.

ಹಲ್ಲು ಕಚ್ಚಿಕೊಂಡು ಅಲ್ಲಾಡಿಸಿದೆ. ಗಡಗಡ ಎಂದಿತು. "ಇದು ಆಗೈತೆ," ಎಂದೆ.

"ಹೆಂಗೆ ಗೊತ್ತಾಯ್ತು?"

ಹೇಳಿದೆ. ಅವಳು ನನ್ನ ಬೆನ್ನು ತಟ್ಟಿದಳು.

ಆ ವಿಡಿಯೋವನ್ನು ನಯನ ನನ್ನನ್ನು ಕೇಳದೆ ಹಾಗೇ ಗ್ರೂಪಿಗೆ ಹಾಕಿಬಿಟ್ಟಳು. ನಲವತ್ತು ಮನೆಯವರು ನೋಡಿದರು. ಸಂಜೆ ಮಿಸ್ ಮೆಸೇಜು ಬಂತು:

"ಉತ್ತರ ಹೇಳದೆ, ಪ್ರಶ್ನೆ ಕೇಳುತ್ತಲೇ ತಾಳ್ಮೆಯಿಂದ ಕಲಿಸುವುದನ್ನು ಎಲ್ಲ ಪೋಷಕರೂ ಕೃತಿಕಾಳಿಂದ ಕಲಿಯಬೇಕು. ಅವಳು ಸ್ಪರ್ಧೆಗೆ ಬರಲಿ. ಗಂಗಾಧರ್ ಅವರಲ್ಲೂ ಸ್ವಲ್ಪ ಸುಧಾರಣೆ ಕಾಣುತ್ತಿದೆ. ಮಗಳು ದಿನಾ ಹೀಗೆ ಜೊತೆಗೆ ಕೂತರೆ ಅವರೂ ಮುಂದೆ ಬರುತ್ತಾರೆ."